ವಾರಂಟಿ, ಗ್ಯಾರಂಟಿ, ಜಾಮೀನು: ಮಲೆನಾಡಿನಲ್ಲಿ ಕೊಳ್ಳುವವರೂ ಮಾರುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಪಂಪ್‌ಸೆಟ್, ಇನ್ವರ್ಟರ್, ಅಡಿಕೆ ಸುಲಿಯುವ ಯಂತ್ರಗಳನ್ನು ಮಾರುವ ಅಂಗಡಿಯಲ್ಲಿ ಹಲವು ವರ್ಷ ಕುಳಿತವನಿಗೆ ಎರಡು ಮಾತುಗಳು ಬಾಯಿಪಾಠವಾಗಿರುತ್ತವೆ. ಕೊಳ್ಳುವ ದಿನ “ಇದಕ್ಕೆ ಗ್ಯಾರಂಟಿ ಇದೆಯಾ?” ಎಂಬುದು ಮೊದಲನೆಯದು, ಕೆಟ್ಟ ದಿನ “ಗ್ಯಾರಂಟಿ ಅಂದಿದ್ರಲ್ಲ?” ಎಂಬುದು ಎರಡನೆಯದು. ಈ ಎರಡು ಮಾತುಗಳ ನಡುವೆ ಹುಟ್ಟುವ ಜಗಳಗಳಲ್ಲಿ ಹೆಚ್ಚಿನವು ಮೋಸದಿಂದ ಹುಟ್ಟಿದವಲ್ಲ, ಒಂದೇ ಪದವನ್ನು ಇಬ್ಬರೂ ಬೇರೆ ಬೇರೆ ಅರ್ಥದಲ್ಲಿ ಹಿಡಿದುಕೊಂಡದ್ದರಿಂದ ಹುಟ್ಟಿದವು. ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆಯಿಂದ ಬರುವ ಗ್ರಾಹಕರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಉತ್ತರಗಳೊಂದಿಗೆ ಇಲ್ಲಿ ಕೊಟ್ಟಿದೆ.

ವಾರಂಟಿಗೂ ಗ್ಯಾರಂಟಿಗೂ ಇರುವ ವ್ಯತ್ಯಾಸವನ್ನು ಸರಳವಾಗಿ ಹೇಳಲು ಸಾಧ್ಯವೆ?

ಪೇಟೆಯ ಬಳಕೆಯಲ್ಲಿ ಗ್ಯಾರಂಟಿ ಎಂದರೆ ವಸ್ತು ಕೆಟ್ಟರೆ ಬದಲಿಗೆ ಹೊಸದನ್ನು ಕೊಡುತ್ತೇವೆ ಅಥವಾ ಹಣ ಹಿಂತಿರುಗಿಸುತ್ತೇವೆ ಎಂಬ ಮಾತು. ವಾರಂಟಿ ಎಂದರೆ ಗೊತ್ತುಪಡಿಸಿದ ಅವಧಿಯೊಳಗೆ ಕೆಟ್ಟರೆ ಖರ್ಚಿಲ್ಲದೆ ರಿಪೇರಿ ಮಾಡಿಕೊಡುತ್ತೇವೆ, ಅಗತ್ಯ ಬಿದ್ದರೆ ಬಿಡಿಭಾಗ ಬದಲಿಸುತ್ತೇವೆ ಎಂಬ ಮಾತು. ಆದರೆ ಇದು ವ್ಯಾಪಾರಿಗಳ ರೂಢಿಯಿಂದ ಬಂದ ವಿಂಗಡಣೆಯೇ ಹೊರತು ಕಾಯ್ದೆಯಿಂದ ಬಂದದ್ದಲ್ಲ.

ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ ಮನೆಯ ಮಾತುಗಳು. ವಾರಂಟಿಯ ವಿಷಯ 1930ರ ಸರಕು ಮಾರಾಟ ಕಾಯ್ದೆಯಲ್ಲಿದೆ. ಅದು ಮಾರುವವನು ತನ್ನ ಸರಕಿನ ಬಗ್ಗೆ ಕೊಡುವ ಭರವಸೆ. ಗ್ಯಾರಂಟಿಯ ವಿಷಯ 1872ರ ಭಾರತೀಯ ಕರಾರು ಕಾಯ್ದೆಯ 126ನೇ ಕಲಮಿನಲ್ಲಿದೆ. ಅಲ್ಲಿ ಸರಕಿನ ಪ್ರಸ್ತಾಪವೇ ಇಲ್ಲ, ಇನ್ನೊಬ್ಬನು ಸಾಲ ತೀರಿಸದಿದ್ದರೆ ಅಥವಾ ಒಪ್ಪಿಕೊಂಡ ಕೆಲಸ ಮಾಡದಿದ್ದರೆ ನಾನು ಹೊಣೆ ಎಂದು ಮೂರನೆಯವನೊಬ್ಬ ಒಪ್ಪಿಕೊಳ್ಳುವುದು, ಅಂದರೆ ನಾವು ಜಾಮೀನು ಎನ್ನುವುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾದರೋ ಅಂಗಡಿಯ ಮಟ್ಟಿಗೆ ಎರಡನ್ನೂ ಜೊತೆಗಿಟ್ಟು “ವಾರಂಟಿ ಅಥವಾ ಗ್ಯಾರಂಟಿ” ಎಂದೇ ಹೇಳುತ್ತದೆ.

ಈ ಗೊಂದಲ ನಮ್ಮಲ್ಲಿ ಮಾತ್ರ ಇದೆಯೆ?

ಇಲ್ಲ. ಎರಡೂ ಇಂಗ್ಲಿಷ್ ಪದಗಳು ಒಂದೇ ಜರ್ಮಾನಿಕ್ ಬೇರಿನಿಂದ ಹುಟ್ಟಿ ಫ್ರೆಂಚಿನ ಎರಡು ಉಪಭಾಷೆಗಳ ಮೂಲಕ ಇಂಗ್ಲಿಷಿಗೆ ಬಂದವು. ಒಂದರಲ್ಲಿ ವಕಾರ ಉಳಿಯಿತು, ಇನ್ನೊಂದರಲ್ಲಿ ಅದು ಗಕಾರವಾಯಿತು. ಕನ್ನಡದಲ್ಲಿಯಾದರೂ ನಮಗೆ ಬೇರೆ ಬೇರೆ ಪದಗಳಿದ್ದವು. ಉದ್ಯೋಗ ಖಾತರಿ ಎನ್ನುವಾಗಿನ ಖಾತರಿ ಒಂದು, ಸೊಸೈಟಿ ಸಾಲಕ್ಕೆ ಹಾಕುವ ಜಾಮೀನು ಇನ್ನೊಂದು. 2023ರ ನಂತರವಂತೂ ಕರ್ನಾಟಕದಲ್ಲಿ ಗ್ಯಾರಂಟಿ ಎಂದರೆ ಜನರಿಗೆ ಮೊದಲು ನೆನಪಾಗುವುದು ಸರ್ಕಾರದ ಐದು ಯೋಜನೆಗಳು.

ಹಾಗಾದರೆ ಕಾರ್ಡಿನ ಮೇಲೆ ಯಾವ ಪದವಿದೆ ಎಂಬುದು ಮುಖ್ಯವಲ್ಲವೆ?

ತಲೆಬರಹದಲ್ಲಿರುವ ಪದಕ್ಕಿಂತ ಅದರ ಕೆಳಗಿರುವ ಸಣ್ಣಕ್ಷರ ಮುಖ್ಯ. ಮಾತು ಕೊಟ್ಟವರು ತಯಾರಕರೋ ಅಂಗಡಿಯವರೋ, ಇಡೀ ವಸ್ತುವಿಗೋ ಒಂದು ಭಾಗಕ್ಕೋ, ಯಾವ ದಿನದಿಂದ ಯಾವ ದಿನದವರೆಗೆ, ಕೆಟ್ಟಾಗ ನಿಖರವಾಗಿ ಏನು ಮಾಡಿಕೊಡುತ್ತಾರೆ ಎಂಬುದನ್ನು ನೋಡಿಕೊಂಡರೆ ಮೇಲೆ ಯಾವ ಹೆಸರಿದ್ದರೂ ನಡೆಯುತ್ತದೆ.

ಇನ್ವರ್ಟರ್ ಬ್ಯಾಟರಿಯನ್ನೇ ತೆಗೆದುಕೊಳ್ಳೋಣ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ “60 ತಿಂಗಳ ವಾರಂಟಿ” ಎಂದಿರುತ್ತದೆ. ಒಳಗಿನ ಕಾರ್ಡು ಬಿಡಿಸಿದರೆ ಮೊದಲ 36 ತಿಂಗಳು ಉಚಿತ ಬದಲಿ, ನಂತರದ 24 ತಿಂಗಳು ಅನುಪಾತದ ರಿಯಾಯಿತಿ ಎಂದಿರಬಹುದು. ಅನುಪಾತದ ರಿಯಾಯಿತಿ ಎಂದರೆ ನಾಲ್ಕನೆಯ ವರ್ಷ ಬ್ಯಾಟರಿ ಸತ್ತಾಗ ಹೊಸ ಬ್ಯಾಟರಿಯ ಬೆಲೆಯಲ್ಲಿ ಇಂತಿಷ್ಟು ಪಾಲು ಕಡಿಮೆ ಮಾಡುವುದು. ಆ ಪಾಲನ್ನು ಹಲವು ವೇಳೆ ಮುದ್ರಿತ ಗರಿಷ್ಠ ಬೆಲೆಯ ಮೇಲೆ ಲೆಕ್ಕ ಹಾಕುವುದರಿಂದ, ಪೇಟೆಯಲ್ಲಿ ಅದಕ್ಕಿಂತ ಕಡಿಮೆ ಬೆಲೆಗೆ ಹೊಸ ಬ್ಯಾಟರಿ ಸಿಗುವಾಗ, ಗ್ರಾಹಕನ ಕೈಗೆ ಹತ್ತುವ ಲಾಭ ಅವನು ಎಣಿಸಿದ್ದಕ್ಕಿಂತ ಬಹಳ ಸಣ್ಣದಾಗಿರುತ್ತದೆ. ಫ್ರಿಜ್ಜಿನ ಮೇಲಿನ “10 ವರ್ಷ” ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ, ಉಳಿದದ್ದಕ್ಕೆ ಒಂದೇ ವರ್ಷ. ಚಾವಣಿಯ ಮೇಲೆ ಕೂರಿಸುವ ಸೌರ ಫಲಕದ “25 ವರ್ಷ” ಫಲಕದ ವಿದ್ಯುತ್ ಉತ್ಪಾದನಾ ಸಾಮರ್ಥ್ಯ ಇಂತಿಷ್ಟಕ್ಕಿಂತ ಕೆಳಗಿಳಿಯುವುದಿಲ್ಲ ಎಂಬುದಕ್ಕೆ. ಅದರ ಜೊತೆಯ ಇನ್ವರ್ಟರಿಗೂ ಆ 25 ವರ್ಷಕ್ಕೂ ಸಂಬಂಧವಿಲ್ಲ.

ವಾರಂಟಿ ಕಾರ್ಡೇ ಇಲ್ಲದಿದ್ದರೆ ಗ್ರಾಹಕನಿಗೆ ಯಾವ ಹಕ್ಕೂ ಇಲ್ಲವೆ?

ಇದೆ. ಅದು ಕಾರ್ಡಿಗಿಂತ ಹೆಚ್ಚಿನ ಬಲದ್ದು ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ಸರಕು ಮಾರಾಟ ಕಾಯ್ದೆಯ 12ನೇ ಕಲಮು ಮಾರಾಟದ ಮಾತುಗಳನ್ನು ಎರಡಾಗಿ ವಿಂಗಡಿಸುತ್ತದೆ. ವ್ಯವಹಾರದ ಮುಖ್ಯ ಉದ್ದೇಶಕ್ಕೇ ಸಂಬಂಧಿಸಿದ್ದು ಷರತ್ತು. ಅದು ಮುರಿದರೆ ಕೊಂಡವನು ಸರಕನ್ನೇ ಬೇಡವೆಂದು ತಳ್ಳಿಹಾಕಬಹುದು. ಮುಖ್ಯ ಉದ್ದೇಶದ ಪಕ್ಕದಲ್ಲಿ ನಿಲ್ಲುವ ಮಾತು ವಾರಂಟಿ. ಅದು ಮುರಿದರೆ ನಷ್ಟ ಪರಿಹಾರ ಕೇಳಬಹುದೇ ಹೊರತು ಸರಕನ್ನು ಹಿಂದಕ್ಕೆ ಕೊಡುವಂತಿಲ್ಲ. ವಸ್ತುವಿನ ಗುಣಮಟ್ಟ ಮತ್ತು ಉದ್ದೇಶಕ್ಕೆ ತಕ್ಕ ಯೋಗ್ಯತೆಯನ್ನು 16ನೇ ಕಲಮು ಷರತ್ತುಗಳ ಸಾಲಿಗೆ ಸೇರಿಸಿದೆ. ಕೊಳ್ಳುವವನು ಕಣ್ಣು ತೆರೆದು ಕೊಳ್ಳಬೇಕು ಎಂಬ ಸಾಮಾನ್ಯ ನಿಯಮಕ್ಕೆ ಇವು ಅಪವಾದಗಳು. ಅದೇ ಕಲಮಿನ ಪ್ರಕಾರ ಕಾರ್ಡಿನಲ್ಲಿ ಬರೆದುಕೊಟ್ಟ ವಾರಂಟಿಯು, ಕಾಯ್ದೆಯೇ ಸೇರಿಸಿದ ಷರತ್ತಿಗೆ ವಿರುದ್ಧವಾಗಿಲ್ಲದಿದ್ದರೆ, ಆ ಷರತ್ತನ್ನು ಅಳಿಸಿಹಾಕುವುದಿಲ್ಲ.

ಗುಡ್ಡದ ಓರೆಯಲ್ಲಿ ತೋಟವಿರುವವರಿಗೆ ಇದರ ಉಪಯೋಗ ಹೆಚ್ಚು. ಕೆಳಗಿನ ಬಾವಿಯಿಂದ ಇಷ್ಟು ಅಡಿ ಎತ್ತರಕ್ಕೆ ನೀರು ಹೋಗಬೇಕು, ಪೈಪಿನ ಉದ್ದ ಇಷ್ಟು, ಇದಕ್ಕೆ ಯಾವ ಪಂಪು ಸರಿ ಎಂದು ಅಂಗಡಿಯವನನ್ನೇ ಕೇಳಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡ ಪಂಪು ಮೇಲಿನ ತುದಿಗೆ ನೀರು ಮುಟ್ಟಿಸದಿದ್ದರೆ, ಪಂಪಿನಲ್ಲಿ ಯಾವ ಕೆಡುಕೂ ಇಲ್ಲದಿರುವುದರಿಂದ ವಾರಂಟಿ ಕಾರ್ಡು ನೆರವಿಗೆ ಬಾರದು. ಆದರೆ ಹೇಳಿಕೊಂಡ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ಮುರಿದಂತಾಗುತ್ತದೆ. ಅದರ ಬದಲು ನೆರೆಯವರ ತೋಟದಲ್ಲಿ ನೋಡಿ “ಅದೇ ಕಂಪನಿಯ ಅದೇ ಪಂಪು ಕೊಡಿ” ಎಂದು ಹೆಸರು ಹಿಡಿದು ಕೊಂಡರೆ ಆ ಷರತ್ತಿನ ರಕ್ಷಣೆ ಇರುವುದಿಲ್ಲ. ಆದ್ದರಿಂದ ಕೊಳ್ಳುವವರು ಎತ್ತರ, ದೂರ, ಪೈಪಿನ ಅಳತೆಗಳನ್ನು ಹೇಳಿ, ಅವನ್ನು ಬಿಲ್ಲಿನ ಹಿಂಬದಿಯಲ್ಲಾದರೂ ಬರೆಸಿಕೊಳ್ಳುವುದು ಒಳ್ಳೆಯದು.

ಅಡಿಕೆ ಸಸಿಯ ಮಾತೂ ಹೀಗೆಯೇ. ಮಂಗಳ ತಳಿಯೆಂದು ಹೇಳಿ ಬೇರೆ ತಳಿಯ ಸಸಿ ಕೊಟ್ಟರೆ ಅದು ವಾರಂಟಿಯ ಪ್ರಶ್ನೆಯಲ್ಲ. ವಿವರಣೆಯ ಮೇಲೆ ಮಾರಿದ ಸರಕು ಆ ವಿವರಣೆಗೆ ಹೊಂದಬೇಕೆಂಬ 15ನೇ ಕಲಮಿನ ಷರತ್ತು. ತೊಂದರೆಯೆಂದರೆ ಸಸಿ ಮರವಾಗಿ ಫಸಲು ಕೊಡಲು ಹಲವು ವರ್ಷ ಬೇಕು, ಅಷ್ಟರಲ್ಲಿ ನರ್ಸರಿಯ ಚೀಟಿ ಎಲ್ಲಿ ಹೋಯಿತೋ ಯಾರಿಗೂ ನೆನಪಿರುವುದಿಲ್ಲ. ತಳಿಯ ಹೆಸರು, ಸಂಖ್ಯೆ, ದಿನಾಂಕ ಬರೆದ ಚೀಟಿಯನ್ನು ಪಹಣಿಯ ಜೊತೆಗೇ ಇಡಬೇಕು.

ಷರತ್ತು ಮುರಿದರೆ ಯಾವಾಗ ಬೇಕಾದರೂ ಸರಕು ಹಿಂತಿರುಗಿಸಬಹುದೆ?

ಸಾಧ್ಯವಿಲ್ಲ. ಒಮ್ಮೆ ಸರಕನ್ನು ಸ್ವೀಕರಿಸಿದ ಮೇಲೆ ಷರತ್ತಿನ ಉಲ್ಲಂಘನೆಯನ್ನೂ ಸಾಮಾನ್ಯವಾಗಿ ವಾರಂಟಿಯ ಉಲ್ಲಂಘನೆಯೆಂದೇ ಎಣಿಸಬೇಕಾಗುತ್ತದೆ ಎಂದು 13ನೇ ಕಲಮು ಹೇಳುತ್ತದೆ, ಅಂದರೆ ಪರಿಹಾರಕ್ಕೆ ಮಾತ್ರ ದಾರಿ ಉಳಿಯುತ್ತದೆ. ಬೇಡವೆಂದು ತಿಳಿಸದೆ ತಕ್ಕಷ್ಟು ಕಾಲ ಇಟ್ಟುಕೊಂಡರೂ ಸ್ವೀಕರಿಸಿದಂತೆಯೇ.

ಬೇಸಿಗೆಯಲ್ಲಿ ಕೊಂಡ ಸುಲಿಯುವ ಯಂತ್ರದ ವಾರಂಟಿ ಅಡಿಕೆ ಕೊಯ್ಲು ಮುಗಿದ ಸ್ವಲ್ಪ ದಿನಕ್ಕೇ ತೀರಿಹೋಯಿತು. ಇದು ನ್ಯಾಯವೆ?

ನ್ಯಾಯವೋ ಅಲ್ಲವೋ, ಕಾರ್ಡಿನಲ್ಲಿ ಬರೆದ ದಿನವೇ ಲೆಕ್ಕಕ್ಕೆ ಬರುವುದು. ಹೆಚ್ಚಿನ ಕಾರ್ಡುಗಳಲ್ಲಿ ಅವಧಿ ಬಿಲ್ಲಿನ ದಿನಾಂಕದಿಂದ ಆರಂಭವಾಗುತ್ತದೆ. ಏಪ್ರಿಲಿನಲ್ಲಿ ರಿಯಾಯಿತಿಯ ಬೆಲೆಗೆ ಕೊಂಡ ಯಂತ್ರ ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಕುಳಿತು, ಕೊಯ್ಲಿನ ಮೂರು ನಾಲ್ಕು ತಿಂಗಳು ಮಾತ್ರ ತಿರುಗುತ್ತದೆ. ಒಂದು ವರ್ಷದ ವಾರಂಟಿ ಎಂದರೆ ನಿಜವಾಗಿ ಒಂದು ಸುಗ್ಗಿಯ ವಾರಂಟಿ. ಕೊಳ್ಳುವಾಗಲೇ “ಅಳವಡಿಸಿ ಓಡಿಸಿ ತೋರಿಸಿದ ದಿನದಿಂದ” ಎಂದು ಬರೆಸಿಕೊಳ್ಳಲು ಕೇಳಿ. ಕೆಲವು ತಯಾರಕರು ಒಪ್ಪುತ್ತಾರೆ. ಒಪ್ಪದಿದ್ದರೆ ಯಂತ್ರ ಬಂದ ವಾರದಲ್ಲೇ ಹಳೆಯ ಅಡಿಕೆ ಹಾಕಿಯಾದರೂ ಓಡಿಸಿ ನೋಡುವುದು ಉತ್ತಮ. ಮೇಲೆ ಹೇಳಿದ ಸ್ವೀಕಾರದ ನಿಯಮವೂ ಇಲ್ಲಿ ನೆನಪಿರಲಿ.

ವೋಲ್ಟೇಜ್ ಏರುಪೇರಿನಿಂದ ಮೋಟಾರು ಸುಟ್ಟರೆ, ಸಿಡಿಲು ಹೊಡೆದು ಟಿವಿ ಹೋದರೆ ವಾರಂಟಿ ಸಿಗುತ್ತದೆಯೆ?

ಸಾಮಾನ್ಯವಾಗಿ ಸಿಗುವುದಿಲ್ಲ. ತಯಾರಿಕೆಯ ದೋಷಕ್ಕೆ ಮಾತ್ರ ವಾರಂಟಿ. ವೋಲ್ಟೇಜ್ ಏರುಪೇರು, ಸಿಡಿಲು, ನೀರು ನುಗ್ಗುವುದು, ಇಲಿ ವೈರು ಕಡಿಯುವುದು ಇವನ್ನೆಲ್ಲ ಕಾರ್ಡುಗಳು ಹೊರಗಿಟ್ಟಿರುತ್ತವೆ. ಮಲೆನಾಡಿನಲ್ಲಿ ವಸ್ತುಗಳು ಕೆಡುವುದು ಹೆಚ್ಚಾಗಿ ಈ ಕಾರಣಗಳಿಂದಲೇ ಆದ್ದರಿಂದ ನಮ್ಮ ಕಡೆಯ ಗ್ರಾಹಕರಿಗೆ ವಾರಂಟಿ ಕಾರ್ಡು ಬಯಲುಸೀಮೆಯವರಿಗೆ ಸಿಕ್ಕಷ್ಟು ಪ್ರಯೋಜನಕ್ಕೆ ಸಿಗದು ಎಂದು ನನಗೆ ಅನ್ನಿಸಿದ್ದುಂಟು. ಸಿಡಿಲು ವಿಮೆಯ ವ್ಯಾಪ್ತಿಗೆ ಸೇರಿದ್ದು. ಮನೆಯ ಅಗ್ನಿ ವಿಮೆಯಲ್ಲಿ ಅದು ಇರುತ್ತದೆ, ಆದರೆ ವಿದ್ಯುತ್ ಉಪಕರಣಗಳ ಬಗ್ಗೆ ಹೊರಗಿಡುವ ವಾಕ್ಯಗಳಿವೆಯೇ ಎಂದು ಪಾಲಿಸಿಯನ್ನು ಓದಿ ನೋಡಬೇಕು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ಗು ಕಿತ್ತಿಡುವುದಕ್ಕೆ ಮಾತ್ರ ಯಾವ ಕಾರ್ಡೂ ಬೇಡ.

ವಾರಂಟಿಯಲ್ಲಿ ಬದಲಿಸಿಕೊಟ್ಟ ಹೊಸ ವಸ್ತುವಿಗೆ ಹೊಸ ವಾರಂಟಿ ಶುರುವಾಗುತ್ತದೆಯೆ?

ಕಾರ್ಡಿನಲ್ಲಿ ಬೇರೆ ಹೇಳದಿದ್ದರೆ ಹಳೆಯ ಅವಧಿಯಲ್ಲಿ ಉಳಿದಷ್ಟೇ ಮುಂದುವರಿಯುತ್ತದೆ.

ಊರಿನ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆಯೆ?

ಹೋಗುತ್ತದೆ ಎಂದು ಹೆಚ್ಚಿನ ಕಾರ್ಡುಗಳಲ್ಲಿ ಬರೆದಿರುತ್ತದೆ. ಹೊಸನಗರದ ಒಳಹಳ್ಳಿಯಿಂದ ಕಂಪನಿಯ ಸರ್ವಿಸ್ ಸೆಂಟರಿಗೆ ಯಂತ್ರ ಹೊತ್ತು ತರುವ ಖರ್ಚು ರಿಪೇರಿಯ ಖರ್ಚಿಗಿಂತ ಹೆಚ್ಚಾಗುವಾಗ ಜನ ಊರಿನವನ ಕೈಗೆ ಕೊಡುವುದರಲ್ಲಿ ತಪ್ಪು ಹುಡುಕಲಾಗದು. ಆದರೂ ಸೀಲು ಒಡೆಯುವ ಮೊದಲು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದಿರಬೇಕು. ಅವರು ಬರಲೊಪ್ಪದಿದ್ದರೆ ಆ ಸಂಖ್ಯೆಯೇ ಮುಂದೆ ಸಾಕ್ಷಿಯಾಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆದಿದೆ; ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಯನ್ನು ತಯಾರಕರು ಅಲ್ಲಿ ಹಂಚಿಕೊಳ್ಳಬೇಕೆಂಬುದು ಅದರ ಉದ್ದೇಶ.

ಅಂಗಡಿಯವರು ಬಾಯಲ್ಲಿ “ಗ್ಯಾರಂಟಿ, ಏನೂ ಆಗಲ್ಲ” ಎಂದರೆ ಅದಕ್ಕೆ ಬೆಲೆ ಇದೆಯೆ?

ಬೆಲೆ ಇದೆ, ಸಾಕ್ಷಿ ಇಲ್ಲ. ಬಾಯಿಮಾತಿನ ಕರಾರೂ ಕರಾರೇ. ಆದರೆ ಗ್ರಾಹಕ ಆಯೋಗದ ಮುಂದೆ ಅದನ್ನು ತೋರಿಸುವುದು ಹೇಗೆ? ಬಿಲ್ಲಿನ ಮೇಲೆ ಒಂದು ಸಾಲು ಬರೆದು ಸಹಿ, ಮೊಹರು ಹಾಕಲು ಹೇಳಿದಾಗ ಆ ಗ್ಯಾರಂಟಿಯ ಧ್ವನಿ ಎಷ್ಟು ಕುಗ್ಗುತ್ತದೆ ಎಂಬುದನ್ನು ನೋಡಿಯೇ ಹಲವು ಸಂಗತಿ ತಿಳಿಯಬಹುದು. ಇದನ್ನು ವ್ಯಾಪಾರಿಯಾಗಿಯೇ ಹೇಳುತ್ತಿದ್ದೇನೆ. ಬಿಲ್ಲು ಕೊಡದಿರುವುದು 2019ರ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸರಿಯಾದ ಪರೀಕ್ಷೆಯಿಲ್ಲದೆ ವಸ್ತುವಿನ ಬಾಳಿಕೆಗೆ ಅಥವಾ ಸಾಮರ್ಥ್ಯಕ್ಕೆ ವಾರಂಟಿ, ಗ್ಯಾರಂಟಿ ಘೋಷಿಸುವುದೂ ಅದೇ ಪಟ್ಟಿಯಲ್ಲಿದೆ. ಪರೀಕ್ಷೆ ಮಾಡಿದ್ದೇವೆ ಎಂದು ವಾದಿಸುವವರೇ ಅದನ್ನು ಸಾಬೀತು ಮಾಡಬೇಕು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ಹೀಗಾಗಿ “ಮಾರಿದ ಮಾಲು ವಾಪಸಿಲ್ಲ” ಎಂಬ ಗೋಡೆಯ ಫಲಕ ದೋಷವಿರುವ ಮಾಲಿಗೆ ಗುರಾಣಿಯಾಗದು.

ಬಿಲ್ಲಿನ ಬಗ್ಗೆ ಇನ್ನೊಂದು ಮಾತು. ಈಗ ಯಂತ್ರದಲ್ಲಿ ಮುದ್ರಿಸಿ ಕೊಡುವ ಬಿಲ್ಲುಗಳು ಶಾಖಕ್ಕೆ ಅಕ್ಷರ ಮೂಡುವ ಕಾಗದದವು. ನಮ್ಮ ಮಳೆಗಾಲದ ಥಂಡಿಗೆ, ಅಟ್ಟದ ಹೊಗೆಗೆ ಒಂದೆರಡು ವರ್ಷದಲ್ಲಿ ಖಾಲಿ ಹಾಳೆಯಾಗುತ್ತವೆ. ಕೊಂಡ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಜೆರಾಕ್ಸ್ ಪ್ರತಿಯನ್ನೂ ಇಟ್ಟುಕೊಳ್ಳಿ.

ಹಣ ಕೊಟ್ಟು ಪಡೆಯುವ ಎಕ್ಸ್‌ಟೆಂಡೆಡ್ ವಾರಂಟಿ ಬೇಕೆ?

ಅದನ್ನು ಕೊಡುತ್ತಿರುವವರು ತಯಾರಕರೋ ಬೇರೊಂದು ಕಂಪನಿಯೋ ಎಂದು ಮೊದಲು ನೋಡಿ. ಬೇರೆಯವರಾದರೆ ತಯಾರಕರ ಸರ್ವಿಸ್ ಸೆಂಟರಿನಲ್ಲಿ ಆ ಕಾಗದ ನಡೆಯದೆ ಹೋಗಬಹುದು. ಅವರ ಮೆಕ್ಯಾನಿಕ್ ನಿಮ್ಮ ಊರಿಗೆ ಬರುತ್ತಾನೆಯೇ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಹಣಕ್ಕೆ ಒಂದು ಒಳ್ಳೆಯ ಸ್ಟೆಬಿಲೈಜರ್ ಕೊಳ್ಳಬಹುದು.

ಸೊಸೈಟಿ ಸಾಲಕ್ಕೆ ನೆಂಟರ ಪರವಾಗಿ ಜಾಮೀನು ಹಾಕುವುದೂ ಗ್ಯಾರಂಟಿಯೇ ಎಂದಿರಿ. ಅದರ ಭಾರವೆಷ್ಟು?

ಕರಾರು ಕಾಯ್ದೆಯಲ್ಲಿ ಗ್ಯಾರಂಟಿ ಎಂಬ ಪದಕ್ಕಿರುವ ಅರ್ಥ ಇದೊಂದೇ. ಇಲ್ಲಿ ಮೂವರಿರುತ್ತಾರೆ: ಸಾಲ ಕೊಟ್ಟವರು, ಪಡೆದವರು, ಜಾಮೀನು ನಿಂತವರು. ಕರಾರಿನಲ್ಲಿ ಬೇರೆ ಹೇಳದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 128ನೇ ಕಲಮು ಹೇಳುತ್ತದೆ. ಮೊದಲು ಸಾಲಗಾರನಿಂದ ವಸೂಲಿಗೆ ಎಲ್ಲ ಪ್ರಯತ್ನ ಮಾಡಿ, ಆಗದಿದ್ದರೆ ಮಾತ್ರ ನನ್ನ ಬಳಿ ಬನ್ನಿ ಎಂದು ಹೇಳುವ ಹಕ್ಕು ಜಾಮೀನುದಾರನಿಗಿಲ್ಲ. ಬ್ಯಾಂಕ್ ಆಫ್ ಬಿಹಾರ್ ಮತ್ತು ದಾಮೋದರ ಪ್ರಸಾದ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ” ಎಂಬ ಗಾದೆಯಲ್ಲಿ ಜಾಮೀನುದಾರನಿಗೆ ಜಾಗವಿಲ್ಲ, ಆದರೆ ನೋಟಿಸಿನಲ್ಲಿ ಇದೆ.

ರಕ್ಷಣೆಯೂ ಇಲ್ಲದಿಲ್ಲ. ಜಾಮೀನುದಾರನ ಒಪ್ಪಿಗೆಯಿಲ್ಲದೆ ಸಾಲದ ಷರತ್ತುಗಳನ್ನು ಬದಲಿಸಿದರೆ ಅಲ್ಲಿಂದಾಚೆಗಿನ ವ್ಯವಹಾರದ ಮಟ್ಟಿಗೆ ಅವನು ಬಿಡುಗಡೆ ಹೊಂದುತ್ತಾನೆ. ಹಣ ಕಟ್ಟಿದ ಮೇಲೆ ಸಾಲ ಕೊಟ್ಟವರಿಗಿದ್ದ ಹಕ್ಕುಗಳು ಅವನಿಗೆ ಬರುತ್ತವೆ, ಸಾಲಗಾರನಿಂದ ವಸೂಲಿ ಮಾಡಬಹುದು. ಸಾಲಗಾರ ಭಾವನೋ ಷಡ್ಡಕನೋ ಆಗಿದ್ದಾಗ ಆ ಹಕ್ಕನ್ನು ಚಲಾಯಿಸುವುದು ಕಾಯ್ದೆಯಲ್ಲಿ ಓದಿದಷ್ಟು ಸುಲಭವಲ್ಲ. ಗುತ್ತಿಗೆದಾರರು ಕಾಮಗಾರಿಗೆ ಕೊಡುವ ಬ್ಯಾಂಕ್ ಗ್ಯಾರಂಟಿಯೂ ಇದೇ ಜಾತಿಯದು, ಇನ್ನೂ ಬಿಗಿಯಾದದ್ದು. ಬೇಡಿಕೆ ಬಂದರೆ ಬ್ಯಾಂಕು ಮೂಲ ಜಗಳದ ವಿಚಾರಕ್ಕೆ ಹೋಗದೆ ಹಣ ಕೊಡಬೇಕು. ಗಂಭೀರ ವಂಚನೆ, ಸರಿಪಡಿಸಲಾಗದ ಹಾನಿಯಂತಹ ಅಪರೂಪದ ಸಂದರ್ಭಗಳಲ್ಲಿ ಮಾತ್ರ ನ್ಯಾಯಾಲಯಗಳು ತಡೆಯುತ್ತವೆ.

ವಿಮಾ ಪಾಲಿಸಿಯಲ್ಲಿ ವಾರಂಟಿ ಎಂದು ಬರೆದಿದೆ. ಅದು ಕಂಪನಿ ಕೊಟ್ಟ ಭರವಸೆಯೆ?

ಅಲ್ಲ, ನೀವು ಕೊಟ್ಟದ್ದು. ವಿಮೆಯಲ್ಲಿ ವಾರಂಟಿಯ ದಿಕ್ಕೇ ತಿರುಗುಮುರುಗು. ಗೋದಾಮಿನಲ್ಲಿ ಸುಡುವ ವಸ್ತು ಇಡುವುದಿಲ್ಲ ಎಂಬಂತಹ, ವಿಮೆ ಮಾಡಿಸಿದವರು ಪಾಲಿಸಲೇಬೇಕಾದ ಮಾತು ಅದು. 1963ರ ಸಾಗರ ವಿಮಾ ಕಾಯ್ದೆಯ ಪ್ರಕಾರ ಅದನ್ನು ಅಕ್ಷರಶಃ ಪಾಲಿಸದಿದ್ದರೆ ಉಲ್ಲಂಘನೆಯಾದ ದಿನದಿಂದ ಕಂಪನಿಯ ಹೊಣೆ ಮುಗಿಯುತ್ತದೆ. ಈ ಕಾಯ್ದೆಯ ಹೆಸರಿನಲ್ಲಿರುವ ಸಾಗರ ಸಮುದ್ರವೇ ಹೊರತು ನಮ್ಮ ತಾಲ್ಲೂಕಲ್ಲ.

ತೋಟಕ್ಕೆ ಕೊಂಡ ಯಂತ್ರದ ಬಗ್ಗೆ ಗ್ರಾಹಕ ಆಯೋಗಕ್ಕೆ ಹೋಗಬಹುದೆ? ಅದು ವಾಣಿಜ್ಯ ಉದ್ದೇಶವಲ್ಲವೆ?

ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂಬುದು ನಿಜ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವುದನ್ನು ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ತನ್ನ ಎರಡು ಎಕರೆ ತೋಟಕ್ಕೆ ಯಂತ್ರ ತಂದು ತಾನೇ ದುಡಿಯುವವರ ದೂರಿಗೂ, ಹತ್ತು ಯಂತ್ರ ಇಟ್ಟುಕೊಂಡು ಆಳುಗಳಿಂದ ಊರೂರಿನ ಅಡಿಕೆ ಸುಲಿಸುವವರ ದೂರಿಗೂ ಒಂದೇ ಉತ್ತರ ಸಿಗದು.

ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. 2019ರ ಕಾಯ್ದೆ ತಂದ ದೊಡ್ಡ ಅನುಕೂಲವೆಂದರೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತಯಾರಕರ ಕಚೇರಿ ಮುಂಬೈಯಲ್ಲಿದ್ದರೂ ನೀವು ಬಸ್ಸು ಹತ್ತಬೇಕಾದದ್ದು ಶಿವಮೊಗ್ಗಕ್ಕೆ ಮಾತ್ರ, ಅಂತರ್ಜಾಲದ ಮೂಲಕ ಸಲ್ಲಿಸಿದರೆ ಅದೂ ಬೇಡ. ಅದಕ್ಕೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಆನ್‌ಲೈನಿನಲ್ಲಿ ಕೊಂಡಿದ್ದರೆ, ಆ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ.

ನಾನೂ ಸಣ್ಣ ಅಂಗಡಿಯವನು. ಬಿಲ್ಲಿನಲ್ಲಿ ಏನೆಂದು ಬರೆದರೆ ಗ್ರಾಹಕರಿಗೂ ನನಗೂ ತಕರಾರು ತಪ್ಪುತ್ತದೆ?

ಗ್ಯಾರಂಟಿ, ವಾರಂಟಿ ಎರಡೂ ಪದಗಳನ್ನು ಬಿಟ್ಟುಬಿಡಬಹುದು. ತಯಾರಕರು ಕೊಟ್ಟದ್ದು ಯಾವುದು, ನೀವು ಕೊಡುವುದು ಯಾವುದು ಎಂದು ಬೇರ್ಪಡಿಸಿ, ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನ ಬಿಲ್ಲಿನ ಕೆಳಗೆ ಇರುವ ಸಾಲುಗಳು ಇವು, ಬೇಕಾದವರು ಬಳಸಿಕೊಳ್ಳಬಹುದು: “ಈ ಪಂಪನ್ನು ಗ್ರಾಹಕರು ಹೇಳಿದ ____ ಅಡಿ ಎತ್ತರ, ____ ಅಡಿ ಪೈಪಿನ ಉದ್ದಕ್ಕೆಂದು ನಾವು ಸೂಚಿಸಿ ಮಾರಿದ್ದೇವೆ. ತಯಾರಿಕೆಯ ದೋಷ ಕಂಡರೆ ಅಳವಡಿಸಿದ ದಿನವಾದ ____ ರಿಂದ 12 ತಿಂಗಳೊಳಗೆ ತಯಾರಕರು ಖರ್ಚಿಲ್ಲದೆ ರಿಪೇರಿ ಮಾಡುತ್ತಾರೆ. ಮೊದಲ 15 ದಿನಗಳಲ್ಲಿ ದೋಷ ಕಂಡರೆ ನಮ್ಮ ಅಂಗಡಿಯೇ ಬದಲಿ ಪಂಪು ಕೊಡುತ್ತದೆ. ವೋಲ್ಟೇಜ್ ಏರುಪೇರು ಮತ್ತು ಸಿಡಿಲಿನಿಂದ ಆದ ಹಾನಿ ಇದರಲ್ಲಿ ಸೇರಿಲ್ಲ. ಇದನ್ನು ಗ್ರಾಹಕರಿಗೆ ಓದಿ ಹೇಳಲಾಗಿದೆ.”